ಹದಿನೈದು ತಿಂಗಳ ಪದವಿ, ಅದರ ಹಿಂದಿನ ಎರಡೂವರೆ ವರ್ಷ: ಟೆಸ್ಟಿಂಗ್‌ನಿಂದ ನರ್ಸಿಂಗ್‌ಗೆ ಹೊರಟ ಒಬ್ಬಾಕೆಯ ಪ್ರಕರಣ

ಪ್ರಕರಣ ಹೀಗಿದೆ. 2022ರ ಕೊನೆಯಲ್ಲಿ, ಟೆಕ್ಸಾಸ್‌ನ ಡಲ್ಲಾಸ್ ಹೊರವಲಯದಲ್ಲಿ ವಾಸಿಸುವ 36 ವರ್ಷದ ಕನ್ನಡದ ಹೆಣ್ಣುಮಗಳೊಬ್ಬಳು ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ನರ್ಸ್ ಆಗುವುದೆಂದು ನಿಶ್ಚಯಿಸಿದಳು. ಹಾಸನ ಜಿಲ್ಲೆಯವಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ 2008ರಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿದ್ದಳು. ಒಟ್ಟು ಶೇ. 61, ಎರಡು ಮೂರು ವಿಷಯಗಳಲ್ಲಿ ಬ್ಯಾಕ್. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ, ನಂತರ ಮದುವೆ, ಅಮೆರಿಕ, ಇಬ್ಬರು ಮಕ್ಕಳು, ಮತ್ತೆ ಗುತ್ತಿಗೆಯ ಮೇಲೆ ಟೆಸ್ಟಿಂಗ್. ಆ ವರ್ಷ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಗಂಡನಿಗೆ ಎಚ್-1ಬಿ ಎಂಬ ಉದ್ಯೋಗ ವೀಸಾ, ಆಕೆಗೆ ಅವಲಂಬಿತರಿಗೆ ಕೊಡುವ ಎಚ್-4.

ನಾನು ಅದೇ ಸೀಮೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ ಬಂದವಳು. ಆಕೆ ನನ್ನ ಬಳಿ ಬಂದಾಗ ಕೇಳಿದ ಮೊದಲ ಪ್ರಶ್ನೆ, “ಅಕ್ಕಾ, ಈ ವಯಸ್ಸಿಗೆ ಸೀಟು ಕೊಡುತ್ತಾರೆಯೇ?” ಎಂದು. ವಯಸ್ಸು ಇಲ್ಲಿ ತೊಡಕೇ ಅಲ್ಲ. ನಲವತ್ತು ದಾಟಿದ ವಿದ್ಯಾರ್ಥಿಗಳು ನಮ್ಮ ವಾರ್ಡಿಗೆ ಕಲಿಯಲು ಬರುತ್ತಲೇ ಇರುತ್ತಾರೆ. ತೊಡಕುಗಳು ಬೇರೆ ಇದ್ದವು. ಅವನ್ನು ಆಕೆ ಯಾವ ಕ್ರಮದಲ್ಲಿ ಬಿಡಿಸಿಕೊಂಡಳು ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಈಗಾಗಲೇ ಬೇರೆ ವಿಷಯದಲ್ಲಿ ಪದವಿ ಇರುವವರಿಗೆ ಒಂದೇ ಓಟದಲ್ಲಿ ನರ್ಸಿಂಗ್ ಪದವಿ ಕೊಡುವ ಕೋರ್ಸ್‌ಗೆ ಅಮೆರಿಕದಲ್ಲಿ ಆಕ್ಸಿಲರೇಟೆಡ್ ಬಿಎಸ್‌ಎನ್ (ತ್ವರಿತಗತಿಯ ಬಿ.ಎಸ್ಸಿ. ನರ್ಸಿಂಗ್) ಎನ್ನುತ್ತಾರೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲಿ ಇಂಥದ್ದನ್ನು ಮೊದಲು ಆರಂಭಿಸಿತು. ಈಗ ದೇಶದ ತುಂಬ ಇವೆ. ಸಾಮಾನ್ಯವಾಗಿ ಹನ್ನೊಂದರಿಂದ ಹದಿನೆಂಟು ತಿಂಗಳು. ನಮ್ಮಲ್ಲಿ ಈ ದಾರಿ ಇಲ್ಲ. ಕರ್ನಾಟಕದಲ್ಲಿ ಎಂಜಿನಿಯರ್ ಒಬ್ಬಳು ನರ್ಸ್ ಆಗಬೇಕೆಂದರೆ ಪಿಯುಸಿಯ ಜೀವಶಾಸ್ತ್ರದ ಅಂಕ ಹಿಡಿದುಕೊಂಡು ಮತ್ತೆ ಮೊದಲ ವರ್ಷದಿಂದ ನಾಲ್ಕು ವರ್ಷ ಓದಬೇಕು. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇರುವುದು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ನರ್ಸ್‌ಗಳಿಗೆ ಮಾತ್ರ. ಆದ್ದರಿಂದ ಅಮೆರಿಕದಲ್ಲಿ ‘15 ತಿಂಗಳಲ್ಲಿ ನರ್ಸ್ ಆಗಿ’ ಎಂಬ ಜಾಹೀರಾತು ಕಂಡಾಗ ನಮ್ಮವರಿಗೆ ಅದು ವರದಂತೆ ಕಾಣುವುದು ಸಹಜ. ವರವೇ ಹೌದು. ಆದರೆ ಆ ಹದಿನೈದು ತಿಂಗಳ ಬಾಗಿಲಿಗೆ ಬಂದು ನಿಲ್ಲಲು ಆಕೆಗೆ ಎರಡೂವರೆ ವರ್ಷ ಹಿಡಿಯಿತು, ಅದೂ ಒಂದು ಸೆಮಿಸ್ಟರ್ ಕೂಡ ಪೋಲಾಗದೆ.

ಮೊದಲು ವೀಸಾ

ನಮ್ಮವರು ವೀಸಾದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಸೀಟು ಸಿಗಲಿ, ಆಮೇಲೆ ನೋಡೋಣ ಎಂದು. ನಾನು ಆಕೆಗೆ ಅದನ್ನು ಮೊದಲ ದಿನವೇ ಮೇಜಿನ ಮೇಲೆ ಇಡಲು ಹೇಳಿದೆ.

ಎಚ್-4ನಲ್ಲಿ ಇರುವವರು ಪೂರ್ಣಾವಧಿ ಓದಬಹುದು. ಅದಕ್ಕೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ಟೆಕ್ಸಾಸ್‌ನಲ್ಲಿ ಎಚ್-4ನವರು ನೆಲೆಸಿರುವುದನ್ನು ರುಜುವಾತು ಮಾಡಿದರೆ ರಾಜ್ಯದವರಿಗೆ ಇರುವ ಕಡಿಮೆ ಶುಲ್ಕವೇ ಅನ್ವಯಿಸುತ್ತದೆ. ಇವೆರಡು ಅನುಕೂಲ. ಆದರೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಎಚ್-4ಗೆ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಜಾಮೀನುದಾರರು ಬೇಕು. (ಗ್ರೀನ್ ಕಾರ್ಡ್ ಇರುವ ಓದುಗರಿಗೆ ಒಂದು ಮಾತು: ನಿಮಗೆ ಸರ್ಕಾರಿ ಸಾಲ ಸಿಗುತ್ತದೆ, ಆದರೆ ಮರಳಿಸಬೇಕಿಲ್ಲದ ಸರ್ಕಾರಿ ನೆರವಾದ ಪೆಲ್ ಗ್ರಾಂಟ್ ಸಿಗುವುದಿಲ್ಲ. ಅದು ಮೊದಲ ಪದವಿಯವರಿಗೆ ಮಾತ್ರ, ಮತ್ತು ಭಾರತದಲ್ಲಿ ಪಡೆದ ಪದವಿಯೂ ಪದವಿಯೇ.)

ನಿಜವಾದ ಗಂಟು ಇರುವುದು ಓದಿನ ನಂತರ. ಎಚ್-4ನಲ್ಲಿ ಕೆಲಸ ಮಾಡಬೇಕಾದರೆ ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು. ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅದು ಸಿಗುತ್ತದೆ. ಈ ನಿಯಮ ಜಾರಿಗೆ ಬಂದದ್ದು 2015ರ ಮೇ ತಿಂಗಳಲ್ಲಿ. ಇಎಡಿ ಇಲ್ಲದವರು ನರ್ಸಿಂಗ್ ಮುಗಿಸಿದ ಮೇಲೆ ಆಸ್ಪತ್ರೆ ಎಚ್-1ಬಿ ಕೊಡಿಸೀತು ಎಂದು ನಂಬಿದರೆ ಕಷ್ಟ. ಎಚ್-1ಬಿಗೆ ಆ ಹುದ್ದೆಗೆ ಬ್ಯಾಚುಲರ್ ಪದವಿ ಕಡ್ಡಾಯವಾಗಿ ಬೇಕಿರಬೇಕು. ವಾರ್ಡಿನ ನರ್ಸ್ ಕೆಲಸಕ್ಕೆ ಎರಡು ವರ್ಷದ ಅಸೋಸಿಯೇಟ್ ಪದವಿ ಸಾಕು ಎಂಬುದೇ ಅಲ್ಲಿ ಮುಳ್ಳಾಗುತ್ತದೆ.

ಆಕೆಯ ಗಂಡನ ಐ-140 ಮಂಜೂರಾಗಿತ್ತು, ಆಕೆಯ ಬಳಿ ಇಎಡಿ ಇತ್ತು. ಇಲ್ಲದಿದ್ದರೆ ನಾನು ಹಣ ಖರ್ಚು ಮಾಡಬೇಡ ಎಂದೇ ಹೇಳುತ್ತಿದ್ದೆ. ಕಟುವಾಗಿ ಕಂಡರೂ ಈ ಮಾತನ್ನು ಬೇರೆ ಇಬ್ಬರು ಮೂವರಿಗೆ ಹೇಳಿದ್ದೇನೆ.

ಅಂಕಪಟ್ಟಿಯ ಹೆಸರು, ಪಾಸ್‌ಪೋರ್ಟಿನ ಹೆಸರು

ವಿದೇಶಿ ಪದವಿಯನ್ನು ಅಮೆರಿಕದ ಲೆಕ್ಕಕ್ಕೆ ತಿರುಗಿಸುವ ಸಂಸ್ಥೆಗಳಿವೆ; ಹೆಚ್ಚು ಜನ ಬಳಸುವುದು ಡಬ್ಲ್ಯುಇಎಸ್. ಪ್ರತಿ ವಿಷಯವನ್ನೂ ಬಿಡಿಬಿಡಿಯಾಗಿ ತೋರಿಸುವ ವರದಿಯನ್ನೇ ತರಿಸಬೇಕು. ಪದವಿ ಸಮಾನ ಎಂದಷ್ಟೇ ಹೇಳುವ ಅಗ್ಗದ ವರದಿ ನರ್ಸಿಂಗ್ ಕಾಲೇಜುಗಳಿಗೆ ಸಾಲುವುದಿಲ್ಲ. ಅಂಕಪಟ್ಟಿಯ ದೃಢೀಕೃತ ಪ್ರತಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ವಿಶ್ವವಿದ್ಯಾಲಯ ಇರುವ ಬೆಳಗಾವಿಯಿಂದ ಅದನ್ನು ಕಳಿಸಲು ಊರಿನಲ್ಲಿದ್ದ ತಮ್ಮ ಓಡಾಡಿದ.

ಸಿಕ್ಕಿಕೊಂಡದ್ದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಮದುವೆಯ ನಂತರ ಗಂಡನ ಹೆಸರು ಸರ್‌ನೇಮ್ ಆಗಿ ಕುಳಿತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಮೆರಿಕದ ಗುಮಾಸ್ತರಿಗೆ ಅವು ಇಬ್ಬರು ಬೇರೆ ಹೆಂಗಸರ ಕಾಗದಗಳು. ಮದುವೆ ನೋಂದಣಿ ಪತ್ರ, ಹಳೆಯ ಪಾಸ್‌ಪೋರ್ಟಿನ ಪ್ರತಿ, ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್, ಇಷ್ಟೂ ಹೋದ ಮೇಲೆ ಕಡತ ಮುಂದೆ ಸರಿಯಿತು. ದಕ್ಷಿಣ ಕರ್ನಾಟಕದ ಹೆಚ್ಚಿನ ಹೆಣ್ಣುಮಕ್ಕಳ ಕಾಗದಪತ್ರಗಳ ಪಾಡು ಇದೇ. ಅರ್ಜಿ ಹಾಕುವ ವರ್ಷಕ್ಕೆ ಇದನ್ನು ಉಳಿಸಿಕೊಳ್ಳದೆ ಮೊದಲೇ ಮುಗಿಸಿದ್ದು ಆಕೆಗೆ ಬಹಳ ಅನುಕೂಲವಾಯಿತು.

ಶೇ. 61 ಎಂಬ ಅಂಕದ ಬಗ್ಗೆ ಆಕೆಗೆ ಇದ್ದ ನಾಚಿಕೆಗೆ ಕಾರಣವೇ ಇರಲಿಲ್ಲ. ಅಮೆರಿಕದಲ್ಲಿ ನೂರಕ್ಕೆ 61 ಎಂದರೆ ತೀರಾ ಕಡಿಮೆ. ಆದರೆ ಮೌಲ್ಯಮಾಪಕರು ಅದನ್ನು ನಮ್ಮ ವಿಶ್ವವಿದ್ಯಾಲಯದ ಅಳತೆಯಲ್ಲೇ ಓದುತ್ತಾರೆ. ಅಲ್ಲಿ ಪ್ರಥಮ ದರ್ಜೆ ಪ್ರಥಮ ದರ್ಜೆಯೇ. ವರದಿಯಲ್ಲಿ ಆಕೆಯ ಜಿಪಿಎ (ನಾಲ್ಕಕ್ಕೆ ಲೆಕ್ಕಿಸುವ ಸರಾಸರಿ ಅಂಕ) ಮೂರರ ಮೇಲೆಯೇ ಬಂತು. ಶೇಕಡಾವಾರನ್ನು ಇಪ್ಪತ್ತೈದರಿಂದ ಭಾಗಿಸಿ ತಮ್ಮ ಜಿಪಿಎ ಇಷ್ಟೇ ಎಂದು ಕುಗ್ಗಿ, ಅರ್ಜಿಯನ್ನೇ ಹಾಕದೆ ಬಿಟ್ಟವರನ್ನು ಕಂಡಿದ್ದೇನೆ. ಆ ಲೆಕ್ಕವನ್ನು ಯಾರೂ ಮನೆಯಲ್ಲಿ ಕುಳಿತು ಮಾಡಬಾರದು.

ಪೂರ್ವಭಾವಿ ಕೋರ್ಸ್‌ಗಳು

ನರ್ಸಿಂಗ್‌ಗೆ ಸೇರುವ ಮೊದಲೇ ಕೆಲವು ವಿಷಯಗಳನ್ನು ಕಾಲೇಜಿನಲ್ಲಿ ಮುಗಿಸಿರಬೇಕು; ಅವೇ ಪೂರ್ವಭಾವಿ ಕೋರ್ಸ್‌ಗಳು. ಬಿ.ಇ. ಮೊದಲ ವರ್ಷದಲ್ಲಿ ರಸಾಯನಶಾಸ್ತ್ರ ಓದಿದ್ದೇನೆ, ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಸಂಭವನೀಯತೆ ಇತ್ತು, ಪಿಯುಸಿಯಲ್ಲಿ ಪಿಸಿಎಂಬಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ ಎಂದು ಆಕೆ ಅಂದುಕೊಂಡಿದ್ದಳು. ಒಂದೂ ಬರಲಿಲ್ಲ. ಪಿಯುಸಿ ಕಾಲೇಜು ಕ್ರೆಡಿಟ್ ಅಲ್ಲ. ವಿಜ್ಞಾನದ ಕೋರ್ಸ್‌ಗಳು ಐದು ಅಥವಾ ಏಳು ವರ್ಷಕ್ಕಿಂತ ಹಳೆಯವಾಗಿರಬಾರದು ಎಂದು ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಹೀಗಾಗಿ ಎಲ್ಲವನ್ನೂ ಹೊಸದಾಗಿ, ಸಮುದಾಯ ಕಾಲೇಜಿನಲ್ಲಿ (ಕಡಿಮೆ ಶುಲ್ಕದ ಸ್ಥಳೀಯ ಕಾಲೇಜು): ಅಂಗರಚನೆ ಮತ್ತು ಶರೀರಕ್ರಿಯೆ ಎರಡು ಭಾಗ, ಸೂಕ್ಷ್ಮಜೀವಶಾಸ್ತ್ರ, ರಸಾಯನಶಾಸ್ತ್ರ, ಈ ನಾಲ್ಕಕ್ಕೂ ಲ್ಯಾಬ್ ಸೇರಿ ತಲಾ 4 ಕ್ರೆಡಿಟ್, ಸಂಖ್ಯಾಶಾಸ್ತ್ರ, ಬೆಳವಣಿಗೆಯ ಮನಶ್ಶಾಸ್ತ್ರ, ಪೋಷಣೆ, ತಲಾ 3. ಒಟ್ಟು 25 ಕ್ರೆಡಿಟ್.

ಇದರ ಮೇಲೆ ಟೆಕ್ಸಾಸ್‌ನದೇ ಒಂದು ಕಾನೂನು ಇದೆ, ಹೊರದೇಶದ ಪದವಿಯವರು ಬಹುಮಟ್ಟಿಗೆ ತಡವಾಗಿಯೇ ತಿಳಿಯುವುದು. ಸರ್ಕಾರಿ ನೆರವಿನ ವಿಶ್ವವಿದ್ಯಾಲಯ ಯಾರಿಗೇ ಬ್ಯಾಚುಲರ್ ಪದವಿ ಕೊಡಬೇಕಾದರೂ ಅವರು ಅಮೆರಿಕದ ಇತಿಹಾಸದಲ್ಲಿ 6 ಕ್ರೆಡಿಟ್, ಸರ್ಕಾರ ಮತ್ತು ಸಂವಿಧಾನದಲ್ಲಿ 6 ಕ್ರೆಡಿಟ್ ಗಳಿಸಿರಬೇಕು. ಅದರಲ್ಲಿ ಟೆಕ್ಸಾಸ್ ಸಂವಿಧಾನವೂ ಬರಬೇಕು. ಅಲ್ಲಿಯೇ ಮೊದಲ ಪದವಿ ಪಡೆದವರು ಸಾಮಾನ್ಯವಾಗಿ ಇದನ್ನು ದಾಟಿರುತ್ತಾರೆ. ಹಾಸನದಿಂದ ಬಂದವಳು ಎಲ್ಲಿಂದ ದಾಟಿರಬೇಕು? ಇತಿಹಾಸದ ಕ್ರೆಡಿಟ್‌ಗಳನ್ನು ಆಕೆ ತರಗತಿಗೆ ಕೂರದೆ, ಕ್ಲೆಪ್ ಎಂಬ ಪರೀಕ್ಷೆ ಬರೆದು ಗಳಿಸಿಕೊಂಡಳು. ಸರ್ಕಾರದ ಭಾಗಕ್ಕೆ ಬೇಸಿಗೆಯಲ್ಲಿ ತರಗತಿಗೆ ಕೂತಳು.

ಯಾವುದನ್ನು ಮೊದಲು ತೆಗೆದುಕೊಳ್ಳಬೇಕು ಎಂಬುದರಲ್ಲಿ ನಮ್ಮಿಬ್ಬರ ನಡುವೆ ಸಣ್ಣ ವಾದವೇ ಆಯಿತು. ಸುಲಭವಾದ ಸಂಖ್ಯಾಶಾಸ್ತ್ರದಿಂದ ಆರಂಭಿಸುತ್ತೇನೆ ಎಂದಳು. ಬೇಡ ಎಂದೆ. ಅಂಗರಚನೆಯೇ ಮೊದಲು. ಹದಿನಾಲ್ಕು ವರ್ಷದ ನಂತರ ಪುಸ್ತಕ ಹಿಡಿದವಳಿಗೆ ಈ ಓದು ಒಗ್ಗುತ್ತದೆಯೇ ಎಂಬುದು ಅಲ್ಲಿ ಒಂದೇ ಸೆಮಿಸ್ಟರಿನಲ್ಲಿ ಗೊತ್ತಾಗುತ್ತದೆ. ಒಗ್ಗದಿದ್ದರೆ ಕೆಲವು ನೂರು ಡಾಲರ್ ಮಾತ್ರ ಹೋಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಎ ಬಂದರೆ ಎಂಜಿನಿಯರ್‌ಗೆ ತನ್ನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಆ ಲ್ಯಾಬ್ ಪರೀಕ್ಷೆಯ ಬಗ್ಗೆ ಆಕೆ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಉದ್ದನೆಯ ಮೇಜುಗಳ ಮೇಲೆ ಸಾಲಾಗಿ ಮೂಳೆಗಳು, ಸ್ನಾಯುಗಳ ಮಾದರಿಗಳು, ಕೊಯ್ದಿಟ್ಟ ಕುರಿಯ ಹೃದಯ. ಪ್ರತಿಯೊಂದರಲ್ಲೂ ಒಂದು ಬಣ್ಣದ ಗುಂಡುಪಿನ್. ಒಂದು ಜಾಗಕ್ಕೆ ಒಂದು ನಿಮಿಷ. ಗಂಟೆ ಹೊಡೆದ ತಕ್ಷಣ ಪಕ್ಕಕ್ಕೆ ಸರಿಯಬೇಕು. ಪಿನ್ ಚುಚ್ಚಿದ ಭಾಗದ ಹೆಸರು ಬರೆಯಬೇಕು, ಎಡವೋ ಬಲವೋ ಹೇಳಬೇಕು, ಕಾಗುಣಿತ ತಪ್ಪಿದರೆ ಅಂಕ ಇಲ್ಲ. ಈರುಳ್ಳಿಯನ್ನೂ ತಿನ್ನದ ಮನೆಯಲ್ಲಿ ಬೆಳೆದವಳು ಕುರಿಯ ಹೃದಯದ ಕವಾಟವನ್ನು ಬೆರಳಿನಿಂದ ಬಿಡಿಸಿ ನೋಡಿದಳು. ವಾಸನೆಯದೇ ದೊಡ್ಡ ಕಷ್ಟವಾದೀತು ಎಂದು ಹೆದರಿದ್ದಳು. ಮೂರನೆಯ ವಾರಕ್ಕೆ ಅದು ನೆನಪೇ ಇರಲಿಲ್ಲ, ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳ ಹೆಸರೇ ರಾತ್ರಿ ನಿದ್ದೆಗೆಡಿಸುತ್ತಿತ್ತು. ಆ ಕೋರ್ಸ್‌ನಲ್ಲಿ ಎ ಬಂತು. ಆ ಒಂದು ಅಕ್ಷರ ಅರ್ಜಿಯ ಸಮಯದಲ್ಲಿ ಬಿ.ಇ.ಯ ನಾಲ್ಕು ವರ್ಷಕ್ಕಿಂತ ಹೆಚ್ಚು ತೂಗಿತು, ಏಕೆಂದರೆ ಆಯ್ಕೆ ಸಮಿತಿಗಳು ಪೂರ್ವಭಾವಿ ವಿಜ್ಞಾನದ ಕೋರ್ಸ್‌ಗಳ ಜಿಪಿಎಯನ್ನು ಪ್ರತ್ಯೇಕವಾಗಿ ನೋಡುತ್ತವೆ.

ವೃದ್ಧರ ಆರೈಕೆ ಕೇಂದ್ರದಲ್ಲಿ

ಪೂರ್ವಭಾವಿ ಕೋರ್ಸ್‌ಗಳ ನಡುವೆಯೇ ಆಕೆ ನರ್ಸ್ ಸಹಾಯಕಿಯ ತರಬೇತಿ ಪಡೆದಳು. ಟೆಕ್ಸಾಸ್‌ನಲ್ಲಿ ಅದು 100 ಗಂಟೆಯದು. ನಂತರ ಒಂದು ಪರೀಕ್ಷೆ. ಅದು ಕಡ್ಡಾಯವಲ್ಲ. ಆದರೂ ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಇದನ್ನು ಮಾಡು ಎನ್ನುತ್ತೇನೆ. ನರ್ಸಿಂಗ್ ಎಂದರೆ ಏನು ಎಂಬುದು ಮೈಗೆ ತಿಳಿಯದೆ ಎಷ್ಟೋ ಸಾವಿರ ಡಾಲರ್ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ವಾರಾಂತ್ಯಗಳಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಸೊಂಟದ ಕೆಳಗೆ ಹುಣ್ಣು ಏಳುತ್ತದೆ. ಮೂತ್ರವನ್ನು ಅಳೆದು ಮಿಲಿಲೀಟರ್‌ನಲ್ಲಿ ಬರೆಯಬೇಕು. ನಡೆಸುವಾಗ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿದುಕೊಳ್ಳಬೇಕು. ಒಬ್ಬ ಅಜ್ಜಿ ಊಟ ನಿಲ್ಲಿಸಿದ್ದರು. ಕೆನ್ನೆಯೊಳಗೆ ಅನ್ನದ ಅಗುಳು ಹಾಗೇ ಉಳಿದಿದ್ದನ್ನು ಗಮನಿಸಿ ಆಕೆ ನರ್ಸ್‌ಗೆ ಹೇಳಿದಳು. ನುಂಗುವುದರಲ್ಲಿಯೇ ತೊಂದರೆ ಇತ್ತು ಎಂದು ಆಮೇಲೆ ತಿಳಿಯಿತು. “ಅಕ್ಕಾ, ಟೆಸ್ಟಿಂಗ್‌ನಲ್ಲಿ ಮಾಡುತ್ತಿದ್ದದ್ದೂ ಇದೇ ಅಲ್ಲವೇ, ಇರಬಾರದ ಕಡೆ ಇರುವುದನ್ನು ಹುಡುಕುವುದು” ಎಂದು ಫೋನ್ ಮಾಡಿ ಹೇಳಿದಳು. ಆಕೆಯ ಅರ್ಜಿಯ ಜೀವಾಳ ಸಿಕ್ಕಿದ್ದು ಆಗ.

ಇದೇ ಹೊತ್ತಿಗೆ ಊರಿನಿಂದ ಬಂದಿದ್ದ ಅತ್ತೆ ಒಂದು ಮಾತು ಆಡಿದರು: “ಇಂಜಿನಿಯರ್ ಓದಿ ಬೆಡ್‌ಪ್ಯಾನ್ ಎತ್ತುವುದಾ?” ನಮ್ಮ ಸಮಾಜದಲ್ಲಿ ಈ ಮಾತು ಕೇಳದ ನರ್ಸ್ ಇಲ್ಲ, ನಾನೂ ಕೇಳಿದ್ದೇನೆ. ಆಕೆ ಜಗಳ ಆಡಲಿಲ್ಲ. ಹೌದು, ಅದನ್ನೂ ಎತ್ತುತ್ತೇನೆ ಅತ್ತೆ, ಎಂದಳಂತೆ. ಅತ್ತೆಯವರ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಮೊಮ್ಮಕ್ಕಳನ್ನು ನೋಡಿಕೊಳ್ಳುವುದರಲ್ಲಿ ಅವರು ಒಂದು ದಿನವೂ ಹಿಂದೆ ಸರಿಯಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಅರ್ಜಿ

ಕಾಲೇಜುಗಳನ್ನು ಆರಿಸುವಾಗ ಮೂರು ವಿಷಯ ನೋಡಿದೆವು. ರಾಜ್ಯದ ನರ್ಸಿಂಗ್ ಮಂಡಳಿಯ ಮಾನ್ಯತೆ. ನರ್ಸಿಂಗ್ ಕೋರ್ಸ್‌ಗಳ ಗುಣಮಟ್ಟ ನೋಡುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ. ಮತ್ತು ನೋಂದಾಯಿತ ನರ್ಸ್ ಆಗಲು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ತೇರ್ಗಡೆಯಾದವರ ಪ್ರಮಾಣ. ಟೆಕ್ಸಾಸ್ ಮಂಡಳಿ ಪ್ರತಿ ಕಾಲೇಜಿನ ಈ ಅಂಕಿಯನ್ನು ಪ್ರಕಟಿಸುತ್ತದೆ, ಶೇ. 80ಕ್ಕಿಂತ ಕಡಿಮೆಯಾದರೆ ಕಾಲೇಜು ಉತ್ತರ ಹೇಳಬೇಕು. ದಾಖಲಾತಿ ಸಲಹೆಗಾರರ ಸಿಹಿ ಮಾತಿಗಿಂತ ಆ ಒಂದು ಅಂಕಿ ಮೇಲು. ಕೊನೆಗೆ ಉಳಿದದ್ದು ನಾಲ್ಕು: ಎರಡು ಸರ್ಕಾರಿ ವಿಶ್ವವಿದ್ಯಾಲಯ, ಒಂದು ಖಾಸಗಿ, ಮತ್ತು ಸಮುದಾಯ ಕಾಲೇಜಿನ ಎರಡು ವರ್ಷದ ಎಡಿಎನ್, ಅಂದರೆ ನರ್ಸಿಂಗ್‌ನ ಅಸೋಸಿಯೇಟ್ ಪದವಿ. ಈ ಕೊನೆಯದನ್ನು ಆಕೆ ಮೊದಲು ಪಟ್ಟಿಯಲ್ಲೇ ಇಟ್ಟಿರಲಿಲ್ಲ. ಎಡಿಎನ್ ಮುಗಿಸಿದವರೂ ಅದೇ ಎನ್‌ಕ್ಲೆಕ್ಸ್ ಬರೆಯುತ್ತಾರೆ, ಅದೇ ಲೈಸೆನ್ಸ್ ಪಡೆಯುತ್ತಾರೆ, ಕೆಲಸ ಮಾಡುತ್ತಲೇ ಬಿಎಸ್‌ಎನ್ ಮುಗಿಸಿಕೊಳ್ಳುತ್ತಾರೆ. ಇದು ಕಾಲ ಕೆಳಗಿನ ನೆಲ, ಇದಿಲ್ಲದೆ ಹಾರಬೇಡ ಎಂದು ಹಟ ಹಿಡಿದೆ.

ಪ್ರವೇಶ ಪರೀಕ್ಷೆ ಟೀಸ್: 170 ಪ್ರಶ್ನೆ, 209 ನಿಮಿಷ; ಓದು, ಗಣಿತ, ವಿಜ್ಞಾನ, ಇಂಗ್ಲಿಷ್. ಅಂಗರಚನೆ ಮನಸ್ಸಿನಲ್ಲಿ ಹಸಿಯಾಗಿದ್ದಾಗಲೇ ಬರೆದಳು, ಚೆನ್ನಾಗಿ ಆಯಿತು.

ಪ್ರಬಂಧದ ಮೊದಲ ಕರಡು ನನಗೆ ಇಷ್ಟವಾಗಲಿಲ್ಲ. ಎರಡನೆಯ ಮಗು ತಿಂಗಳು ತುಂಬುವ ಮುನ್ನ ಹುಟ್ಟಿ ಶಿಶು ತೀವ್ರ ನಿಗಾ ಘಟಕದಲ್ಲಿ ಇದ್ದದ್ದು, ಅಲ್ಲಿನ ನರ್ಸ್ ತೋರಿಸಿದ ಅಕ್ಕರೆ, ಅಂದೇ ಮನಸ್ಸಿನಲ್ಲಿ ಮೂಡಿದ ಆಸೆ. ಎಲ್ಲವೂ ಸತ್ಯ. ಆದರೆ ಅದರಲ್ಲಿ ಇದ್ದದ್ದು ಆ ನರ್ಸ್, ಈಕೆಯಲ್ಲ. ಸಮಿತಿಯವರ ಮುಂದೆ ಇಂಥ ಪ್ರಬಂಧಗಳು ರಾಶಿ ಬೀಳುತ್ತವೆ. ಎರಡನೆಯ ಕರಡಿನಲ್ಲಿ ಮಗುವಿನ ಕಥೆ ಎರಡು ಸಾಲಿಗೆ ಇಳಿಯಿತು. ಕೆನ್ನೆಯೊಳಗಿನ ಅನ್ನದ ಅಗುಳು ಮುಂದೆ ಬಂತು. ಟೆಸ್ಟಿಂಗ್‌ನಲ್ಲಿ ದೋಷದ ವರದಿ ಬರೆಯುವ ಕ್ರಮವೂ, ನರ್ಸ್ ವೈದ್ಯರಿಗೆ ರೋಗಿಯ ಬಗ್ಗೆ ತಿಳಿಸುವ ಎಸ್‌ಬಾರ್ ಕ್ರಮವೂ (ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಏನು ಬೇಕೆಂಬ ಸೂಚನೆ) ಎಷ್ಟು ಹತ್ತಿರ ಎಂದು ಆಕೆ ತಾನೇ ಕಂಡುಕೊಂಡು ಬರೆದಳು. ಹಳೆಯ ವೃತ್ತಿಯಿಂದ ಓಡಿ ಬರುವವಳಾಗಿ ಅಲ್ಲ, ಅದನ್ನು ಜೊತೆಗೆ ತರುವವಳಾಗಿ ಕಂಡಳು.

ಶಿಫಾರಸು ಪತ್ರಗಳನ್ನು ಕೊಟ್ಟವರು ಅಂಗರಚನೆಯ ಪ್ರಾಧ್ಯಾಪಕರು ಮತ್ತು ಆರೈಕೆ ಕೇಂದ್ರದ ಮೇಲ್ವಿಚಾರಕ ನರ್ಸ್. ಬಂಧುಗಳಲ್ಲಿ ದೊಡ್ಡ ಡಾಕ್ಟರ್ ಒಬ್ಬರಿದ್ದರು. ಅವರ ಪತ್ರ ತರುತ್ತೇನೆ ಎಂದಿದ್ದಳು, ನಾನು ಬೇಡವೆಂದೆ. ಆಕೆ ಕೆಲಸ ಮಾಡಿದ್ದನ್ನು ಅವರು ನೋಡಿರಲಿಲ್ಲ.

ಸಂದರ್ಶನದಲ್ಲಿ ಕೇಳಿದ್ದು: ನಿಮಗಿಂತ ಮೇಲಿನವರಿಗೆ ಬೇಡ ಎಂದು ಹೇಳಿದ ಒಂದು ಸಂದರ್ಭ. ಸಾಫ್ಟ್‌ವೇರ್ ಬಿಡುಗಡೆಯ ಹಿಂದಿನ ರಾತ್ರಿ ಒಂದು ದೋಷಕ್ಕಾಗಿ ಮ್ಯಾನೇಜರ್‌ಗೆ ಸಹಿ ಹಾಕುವುದಿಲ್ಲ ಎಂದದ್ದನ್ನು ಹೇಳಿದಳು. ತಪ್ಪಾದ ಡೋಸ್ ಬರೆದ ವೈದ್ಯರಿಗೆ ಹಾಗೆ ಹೇಳಬಲ್ಲಿರಾ ಎಂದು ತಿರುಗಿ ಕೇಳಿದರು. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಬೆಳೆದ ನಡವಳಿಕೆಗೆ ಇದು ನಿಜಕ್ಕೂ ಕಠಿಣ ಪ್ರಶ್ನೆ. ಅಲ್ಲಿ ಸಿಸ್ಟರ್ ಡಾಕ್ಟರಿಗೆ ಎದುರಾಡುವುದಿಲ್ಲ. ಆಕೆ ಇದಕ್ಕೆ ತಯಾರಾಗಿದ್ದಳು.

ಮೂರು ಉತ್ತರಗಳು, ಒಂದು ವಾರ

2025ರ ಜನವರಿಯಲ್ಲಿ ಖಾಸಗಿ ಕಾಲೇಜಿನಿಂದ ಸೀಟು ಬಂತು. ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲ ಸೇರಿ 70 ಸಾವಿರ ಡಾಲರ್ ದಾಟುತ್ತಿತ್ತು. ಸೀಟು ಹಿಡಿಯಲು ಮುಂಗಡ, ಒಂದು ವಾರದ ಗಡುವು, ಮುಂಗಡ ವಾಪಸ್ ಇಲ್ಲ. ಸಮುದಾಯ ಕಾಲೇಜಿನ ಎಡಿಎನ್ ಸೀಟು ಅದಾಗಲೇ ಕೈಯಲ್ಲಿತ್ತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದು ಇಲ್ಲ ಎಂದಿತ್ತು. ಇನ್ನೊಂದು, ಆಕೆಗೆ ಹೆಚ್ಚು ಬೇಕಾಗಿದ್ದದ್ದು, ಮಾರ್ಚ್‌ನಲ್ಲಿ ಉತ್ತರ ಕೊಡುವುದಾಗಿ ಹೇಳಿತ್ತು.

ಇಡೀ ಪ್ರಕರಣದಲ್ಲಿ ನಿಜವಾದ ನಿರ್ಧಾರ ಆದದ್ದು ಈ ವಾರ. ಗಂಡನ ಅಣ್ಣನಿಗೆ ಗ್ರೀನ್ ಕಾರ್ಡ್ ಇತ್ತು. ಖಾಸಗಿ ಸಾಲಕ್ಕೆ ಜಾಮೀನು ಹಾಕಲು ಅವರು ಸಂತೋಷದಿಂದ ಒಪ್ಪಿದ್ದರು. ಲೆಕ್ಕ ಮೇಲ್ನೋಟಕ್ಕೆ ಸರಿಯೇ ಇತ್ತು. 2024ರ ಮೇ ತಿಂಗಳ ಸರ್ಕಾರಿ ಅಂಕಿಯ ಪ್ರಕಾರ ನೋಂದಾಯಿತ ನರ್ಸ್‌ನ ನಡುಮಟ್ಟದ ವಾರ್ಷಿಕ ಸಂಬಳ 93,600 ಡಾಲರ್. ಮೂರು ವರ್ಷ ಬಿಗಿಹಿಡಿದರೆ ಸಾಲ ತೀರುತ್ತದೆ. ಕೈಗೆ ಬಂದ ಸೀಟನ್ನು ಬಿಡಬಾರದು ಎಂದು ಮನೆಯವರೆಲ್ಲ ಹೇಳಿದರು.

ನಾನು ಆ ಲೆಕ್ಕದಲ್ಲಿ ಒಂದು ಸಾಲು ಸೇರಿಸಿದೆ. ಗಂಡನ ಕೆಲಸ ಹೋದರೆ ಎಚ್-1ಬಿಯಲ್ಲಿ ಇರುವ ಅವಕಾಶ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಆತನ ಸ್ಥಿತಿಯೊಂದಿಗೆ ಆಕೆಯ ಎಚ್-4, ಅದರ ಮೇಲೆ ನಿಂತ ಇಎಡಿ, ಅದರ ಮೇಲೆ ನಿಂತ ಸಂಬಳ, ಮೂರೂ ಒಟ್ಟಿಗೆ ಬೀಳುತ್ತವೆ. ಸಾಲ ಮಾತ್ರ ಬೀಳುವುದಿಲ್ಲ. ಅದು ಭಾವನ ಹೆಗಲಿಗೆ ಹೋಗುತ್ತದೆ. ಅರ್ಧ ಓದಿದ ನರ್ಸಿಂಗ್‌ಗೆ ಭಾರತದಲ್ಲಿ ಬೆಲೆಯಿಲ್ಲ, ಅಲ್ಲಿ ಅದನ್ನು ಮುಂದುವರಿಸುವ ಕೋರ್ಸ್ ಕೂಡ ಇಲ್ಲ. ಅದೇ ಎಡಿಎನ್ ಆದರೆ ಉಳಿತಾಯದಲ್ಲೇ ಮುಗಿಯುತ್ತದೆ. ಏನಾದರೂ ಆದರೆ ಕಳೆದುಕೊಳ್ಳುವುದು ಸಮಯವನ್ನು ಮಾತ್ರ.

ಎರಡು ರಾತ್ರಿ ಗಂಡ ಹೆಂಡತಿ ಕೂತು ಮಾತಾಡಿದರು. ಗಡುವಿನ ಹಿಂದಿನ ದಿನ ಆಕೆ ಖಾಸಗಿ ಸೀಟು ಬಿಟ್ಟಳು. ಆ ಸಂಜೆ ಆಕೆ ಅತ್ತದ್ದು ನನಗೆ ಗೊತ್ತು. ಎರಡು ವರ್ಷ ದುಡಿದು ತಂದ ಸೀಟನ್ನು ಕೈಯಾರೆ ಬಿಡುವುದು ಸಣ್ಣ ಮಾತಲ್ಲ.

ಮಾರ್ಚ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ಆಕೆಯನ್ನು ಕಾಯುವ ಪಟ್ಟಿಯಲ್ಲಿ ಇಟ್ಟಿತು. ಏಪ್ರಿಲ್ ಕೊನೆಯಲ್ಲಿ ಸೀಟು ಖಾಲಿಯಾಗಿ ಕರೆ ಬಂತು. ಹಲವು ಸೀಟು ಹಿಡಿದವರು ಒಂದನ್ನು ಉಳಿಸಿಕೊಂಡು ಬೇರೆಯದನ್ನು ಬಿಡುವುದು ಆ ಹೊತ್ತಿನಲ್ಲೇ ಆದ್ದರಿಂದ ಕಾಯುವ ಪಟ್ಟಿ ಕೊನೆಯ ವಾರಗಳಲ್ಲಿ ಚಲಿಸುತ್ತದೆ. ಈ ಕರೆ ಬಂದದ್ದರಿಂದ ಖಾಸಗಿ ಸೀಟು ಬಿಟ್ಟದ್ದು ಸರಿಯಾಯಿತು ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಕರೆ ಬಾರದೆ ಆಕೆ ಎಡಿಎನ್‌ಗೆ ಸೇರಿದ್ದರೂ ಆ ನಿರ್ಧಾರ ಅಷ್ಟೇ ಸರಿ ಇರುತ್ತಿತ್ತು.

ಸೇರುವ ಮುನ್ನ

ಕರೆ ಬಂದ ಮೇಲೆ ಉಳಿದದ್ದು ಮೂರು ವಾರ. ಆಸ್ಪತ್ರೆಯೊಳಗೆ ಕಲಿಯಲು ಬಿಡಬೇಕಾದರೆ ಬೆರಳಚ್ಚು ಪರಿಶೀಲನೆ, ಮಾದಕವಸ್ತು ಪರೀಕ್ಷೆ, ಜೀವರಕ್ಷಣೆಯ ಬಿಎಲ್‌ಎಸ್ ತರಬೇತಿ, ಲಸಿಕೆಗಳ ದಾಖಲೆ, ಎಲ್ಲ ಬೇಕು. 1986ರಲ್ಲಿ ಹಾಸನದಲ್ಲಿ ಹುಟ್ಟಿದವಳ ಲಸಿಕೆ ಕಾರ್ಡ್ ಎಲ್ಲಿರುತ್ತದೆ? ದಡಾರ, ಸೀತಾಳೆ ಸಿಡುಬಿನಂಥವಕ್ಕೆ ರಕ್ತ ಪರೀಕ್ಷೆ ಮಾಡಿಸಿ ಪ್ರತಿರೋಧ ಶಕ್ತಿ ಇದೆ ಎಂದು ತೋರಿಸಬಹುದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಆರೈಕೆ ಕೇಂದ್ರಕ್ಕೆ ಸೇರಿದಾಗಲೇ ಅದನ್ನು ಹಾಕಿಸಿಕೊಂಡಿದ್ದರಿಂದ ಬಚಾವಾದಳು.

ಕ್ಷಯದ ಚರ್ಮ ಪರೀಕ್ಷೆಯಲ್ಲಿ ತೋಳಿನ ಮೇಲೆ 12 ಮಿಲಿಮೀಟರ್ ಗಂಟು ಎದ್ದಿತು. ಕ್ಷಯ ಹೆಚ್ಚಿರುವ ದೇಶಗಳಿಂದ ಬಂದವರಿಗೆ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್. ಆಕೆ ಗಾಬರಿಯಾಗಿ ಫೋನ್ ಮಾಡಿದಳು. ನಮ್ಮ ಎಡತೋಳಿನಲ್ಲಿ ಕಲೆ ಬಿಟ್ಟಿರುವ ಕ್ಷಯದ ಬಿಸಿಜಿ ಲಸಿಕೆ ಈ ಪರೀಕ್ಷೆಯನ್ನು ಹಾಗೆ ದಾರಿ ತಪ್ಪಿಸಬಹುದು. ಬಿಸಿಜಿ ಹಾಕಿಸಿಕೊಂಡವರು ಇಗ್ರಾ ಎಂಬ ರಕ್ತ ಪರೀಕ್ಷೆಯನ್ನೇ ಕೇಳಿ ಪಡೆಯಬೇಕು. ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. ಆಕೆಯದು ನೆಗೆಟಿವ್ ಬಂತು. ಭಾರತದಿಂದ ಬಂದ ವಿದ್ಯಾರ್ಥಿಗಳು ಈ ಒಂದು ಕಾರಣಕ್ಕೆ ಎಕ್ಸ್-ರೇ, ವೈದ್ಯರ ಪತ್ರ ಎಂದು ಅಲೆಯುವುದನ್ನು ನೋಡಿ ಬೇಸರವಾಗುತ್ತದೆ.

ಈಗ

2025ರ ಮೇ ತಿಂಗಳಲ್ಲಿ ಆರಂಭವಾದ ಕೋರ್ಸ್‌ನ ಕೊನೆಯ ಸೆಮಿಸ್ಟರ್ ನಡೆಯುತ್ತಿದೆ. ವಾರದಲ್ಲಿ ಎರಡು ದಿನ ಹನ್ನೆರಡು ಗಂಟೆಯ ಆಸ್ಪತ್ರೆ ಪಾಳಿ, ಬೆಳಗ್ಗೆ ಆರೂವರೆಗೆ ವಾರ್ಡಿನಲ್ಲಿರಬೇಕು. ಉಳಿದ ದಿನ ತರಗತಿ, ಪರೀಕ್ಷೆ. ಈ ಅವಧಿಯಲ್ಲಿ ಕೆಲಸಕ್ಕೆ ಹೋಗುವುದು ಸಾಧ್ಯವಿಲ್ಲ ಎಂದು ಕಾಲೇಜು ಮೊದಲೇ ಹೇಳಿತ್ತು, ಅದು ನಿಜವೇ. ಮನೆ ನಡೆದದ್ದು ಸಂದರ್ಶಕ ವೀಸಾದಲ್ಲಿ ಮೊದಲು ಅಮ್ಮ ಬಂದು, ಅವರು ಹೋದ ಮೇಲೆ ಅತ್ತೆ ಬಂದು ನಿಂತದ್ದರಿಂದ. ಈ ಬಲವಿಲ್ಲದವರು ಮಕ್ಕಳ ಶಾಲೆಯ ಸಮಯ ಮತ್ತು ಗಂಡನ ಕೆಲಸದ ಸಮಯವನ್ನು ಕಾಗದದ ಮೇಲೆ ಗಂಟೆ ಗಂಟೆಗೆ ಬರೆದು ನೋಡಿಕೊಂಡೇ ಅರ್ಜಿ ಹಾಕಬೇಕು.

ಉಳಿದಿರುವ ಕೆಲಸಗಳು: ಟೆಕ್ಸಾಸ್ ಮಂಡಳಿಯ ನರ್ಸಿಂಗ್ ಕಾನೂನಿನ ಪರೀಕ್ಷೆ, ಎನ್‌ಕ್ಲೆಕ್ಸ್ (85ರಿಂದ 150 ಪ್ರಶ್ನೆ, ಐದು ಗಂಟೆ), ಹೊಸ ಪದವೀಧರರನ್ನು ತೆಗೆದುಕೊಳ್ಳುವ ಆಸ್ಪತ್ರೆಗಳ ರೆಸಿಡೆನ್ಸಿ ಎಂಬ ತರಬೇತಿ ಹುದ್ದೆಗೆ ಅರ್ಜಿ. ಜೊತೆಗೆ ಇಎಡಿ ನವೀಕರಣ. ಹಿಂದೆ ಸಮಯಕ್ಕೆ ಸರಿಯಾಗಿ ನವೀಕರಣದ ಅರ್ಜಿ ಹಾಕಿದವರಿಗೆ ಹಳೆಯ ಪರವಾನಗಿ ತಾನಾಗಿ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಂದು ಅಥವಾ ನಂತರ ಹಾಕಿದ ಅರ್ಜಿಗಳಿಗೆ ಆ ಸೌಲಭ್ಯ ಇಲ್ಲ. ಕಾರ್ಡ್ ಮುಗಿದ ದಿನ ಕೆಲಸ ನಿಲ್ಲುತ್ತದೆ. ಅವಧಿ ಮುಗಿಯುವ 180 ದಿನ ಮುಂಚೆ ಅರ್ಜಿ ಹಾಕಲು ಅವಕಾಶವಿದೆ, ಆಕೆ ಆ ಮೊದಲ ದಿನವೇ ಹಾಕಿದ್ದಾಳೆ. ರೆಸಿಡೆನ್ಸಿಯ ಸಂದರ್ಶನಗಳಲ್ಲಿ ಕಾರ್ಡಿನ ದಿನಾಂಕವನ್ನು ಅವರು ಕೇಳುವ ಮೊದಲೇ ತಾನೇ ಹೇಳುವುದೆಂದು ನಿರ್ಧರಿಸಿದ್ದಾಳೆ. ಕೆಲಸಕ್ಕೆ ಸೇರುವ ದಿನವನ್ನು ಒಂದೆರಡು ತಿಂಗಳು ಮುಂದೂಡಲು ಒಪ್ಪುವ ಆಸ್ಪತ್ರೆಗಳನ್ನೇ ಮೊದಲು ಆರಿಸಿಕೊಂಡಿದ್ದಾಳೆ.